ಸುಲಭ ಎಂಬ ದೂರು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ತಾಯಿ ಹಾಜಿರಾ ಬೀ ಮಾನ್ವಿಯ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಬಂದ ಸಂಬಂಧಗಳು ತಪ್ಪಿದ್ದೂ ಅದೇ ಮೂಗಿನಿಂದ ಎಂಬುದು ಅವಳ ವಾದ. ಇರಲಿ. ಆದರೆ ಎಂಬತ್ತಮೂರನೇ ಇಸವಿಯಲ್ಲಿ ರಾಯಚೂರಿನ ಕಾಲೇಜಿನಲ್ಲಿ ಬಂದ ಸಿಟ್ಟು ಮೂಗಿನ ತುದಿಯದಲ್ಲ. ಅದು ಇನ್ನೂ ಇಳಿದಿಲ್ಲ. ಇಳಿಯುವುದೂ ನನಗೆ ಬೇಕಿಲ್ಲ.

ನಾನು ಸುಗ್ರಾ ಬೇಗಂ. ಆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಹಂಗಾಮಿ ಉಪನ್ಯಾಸಕಿಯಾಗಿದ್ದೆ. ಹಂಗಾಮಿ ಎಂದರೆ ಬೇಸಿಗೆ ರಜೆ ಬಂತೆಂದರೆ ನೌಕರಿಗೂ ರಜೆ. ಮಳೆಗಾಲಕ್ಕೆ ಮತ್ತೆ ಪ್ರಿನ್ಸಿಪಾಲರ ಬಾಗಿಲು ಕಾಯಬೇಕು. ಆ ವರ್ಷ ನನ್ನ ಹುದ್ದೆ ಕಾಯಂ ಆಗುವುದಿತ್ತು. ಅದನ್ನೇ ನಂಬಿ ಅಮ್ಮನನ್ನು ಮಾನ್ವಿಯಿಂದ ಕರೆತಂದು ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆ.

ನಾನು ಓದಿದ್ದೂ ಅದೇ ಕಾಲೇಜಿನಲ್ಲಿ. ವಿಭಾಗದ ಮುಖ್ಯಸ್ಥರಾದ ಗುಂಡೇರಾಯರು ಆಗಲೂ ಇಂಗ್ಲಿಷಿನಲ್ಲಿ ನೋಟ್ಸ್ ಹೇಳುತ್ತಿದ್ದರು, ನಾವು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆವು. ಬೇಡಿಕೆ, ಪೂರೈಕೆ ಎಲ್ಲ ಉರು ಹೊಡೆದು ಒಳ್ಳೆಯ ದರ್ಜೆಯಲ್ಲಿಯೇ ಪಾಸಾದೆ. ಒಂದು ಸುಗ್ಗಿಯಲ್ಲಿ ಮಾನ್ವಿಯ ದಲಾಲರ ಅಡತಿ ಅಂಗಡಿಗಳ ಮುಂದೆ ಭತ್ತದ ಬಂಡಿಗಳ ಸಾಲು ಬೆಳೆದಂತೆ ದರ ಇಳಿಯುವುದನ್ನು ನೋಡುತ್ತ ನಿಂತಿದ್ದೆ. ಅಯ್ಯೋ, ನಾನು ಬಾಯಿಪಾಠ ಮಾಡಿದ್ದು ಇದನ್ನೇ ಅಲ್ಲವೇ ಎನ್ನಿಸಿ ಮೈಯೆಲ್ಲ ಉರಿಯಿತು. ಕಣ್ಣೆದುರಿಗೆ ಇದ್ದದ್ದನ್ನು ನಮ್ಮಿಂದ ಬಚ್ಚಿಟ್ಟು ಅದಕ್ಕೆ ಡಿಗ್ರಿ ಕೊಟ್ಟಿದ್ದರು.

ಹಾಗಾಗಿ ನಾನು ಕ್ಲಾಸಿಗೆ ನೋಟ್ಸ್ ಒಯ್ಯಲಿಲ್ಲ. ದೇವದುರ್ಗದ ಕಡೆಯಿಂದ, ಮಲ್ಲಟದಿಂದ ಬಂದ ಹುಡುಗ ಹುಡುಗಿಯರು. ಬಹಳ ಮಂದಿ ತಮ್ಮ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರ ಸಂತೆ, ಅವರ ಕೂಲಿ, ಅವರ ಊರಿನ ಕಾಲುವೆ ಹಿಡಿದೇ ಪಾಠ ಮಾಡಿದೆ. ಪುಸ್ತಕದ ಮಾತು ಕೊನೆಗೆ ಬರುತ್ತಿತ್ತು. ಅಷ್ಟರಲ್ಲಿ ಅದು ಅವರಿಗೆ ಗೊತ್ತಿದ್ದ ಮಾತಾಗಿರುತ್ತಿತ್ತು.

ಆ ವರ್ಷ ವಿಶ್ವವಿದ್ಯಾಲಯದವರಿಗೆ ಹೊಸ ಬುದ್ಧಿ ಹೊಳೆಯಿತು. ಯಾವ ಪಾಠ ಹೇಗಿದೆ ಎಂದು ವಿದ್ಯಾರ್ಥಿಗಳನ್ನೇ ಕೇಳುವುದು. ಅದಕ್ಕೊಂದು ಸಮಿತಿ ಬರುತ್ತದೆ ಎಂದಾಗ ನನ್ನಷ್ಟು ಹಿಗ್ಗಿದವರು ಯಾರೂ ಇಲ್ಲ. ನಾವು ಓದುವಾಗ ನಮ್ಮನ್ನು ಯಾರೂ ಕೇಳಿರಲಿಲ್ಲ, ಇವರನ್ನಾದರೂ ಕೇಳುತ್ತಾರಲ್ಲ. ಹೆದರಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ ಎಂದು ಕ್ಲಾಸಿನಲ್ಲಿ ಹೇಳಿ ಕಳಿಸಿದೆ. ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರೆ ಎಂದು ಹಿರಿಯರು ಸುಮ್ಮನೆ ಗಾದೆ ಕಟ್ಟಿಲ್ಲ.

ಸಮಿತಿಯವರು ಬಂದರು, ಅಧ್ಯಾಪಕರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ಕೇಳಿದರು. ಮುಗಿದ ಮೇಲೆ ತಾಯಣ್ಣ ಓಡುತ್ತ ಬಂದ. ದೇವದುರ್ಗದ ಕೂಲಿಕಾರರ ಮಗ, ಮೊದಲ ವರ್ಷ ಎದ್ದು ನಿಂತರೆ ಕಾಲು ನಡುಗುತ್ತಿದ್ದ ಹುಡುಗ. ಯಾವ ಪಾಠ ಎಲ್ಲಕ್ಕಿಂತ ಕಠಿಣ, ಯಾವುದು ಎಲ್ಲಕ್ಕಿಂತ ಸುಲಭ ಎಂದು ಕೇಳಿದರಂತೆ. ಟೈಮಿಗೆ ಬರುತ್ತಾರೋ, ಸಿಲಬಸ್ ಮುಗಿಸುತ್ತಾರೋ ಎಂದೂ ಕೇಳಿದರಂತೆ.

“ನಿಮ್ಮ ಪಾಠ ಬಾಳ ಸುಲಭ ಅಂತ ಎಲ್ಲಾರೂ ಹೇಳಿವ್ರಿ ಮೇಡಂ. ಮನಿಯಾಗ ಕುಂತು ಮಾತಾಡಿದಂಗ ಇರ್ತದ ಅಂದೀವಿ. ನಿಮ್ಮ ನೌಕರಿ ಪಕ್ಕಾ ಆದಂಗ.”

ನಾನೂ ಹಾಗೇ ಅಂದುಕೊಂಡೆ. ಮನೆಗೆ ಹೋಗುವಾಗ ಅಮ್ಮನಿಗೆ ಜಿಲೇಬಿ ಒಯ್ದೆ.

ಪರೀಕ್ಷೆಗೆ ಮೊದಲು ಸಮಿತಿ ಮತ್ತೆ ಬಂತು, ಈ ಸಲ ವರದಿ ಓದಲಿಕ್ಕೆ. ಕಾಲೇಜಿನ ಹಾಲಿನಲ್ಲಿ ಮುಂದೆ ಅಧ್ಯಾಪಕರು, ಹಿಂದೆ ವಿದ್ಯಾರ್ಥಿಗಳು. ಅಧ್ಯಕ್ಷರು ದೊಡ್ಡ ಪ್ರೊಫೆಸರು, ಮಾತು ಮೆತ್ತಗೆ. ಅರ್ಥಶಾಸ್ತ್ರದ ಸರದಿ ಬಂದಾಗ ಅದೇ ಮೆತ್ತಗಿನ ದನಿಯಲ್ಲಿ ಓದಿದರು. ಗುಂಡೇರಾಯರ ಪಾಠ ಅತ್ಯಂತ ಕಠಿಣವೆಂದು ವಿದ್ಯಾರ್ಥಿಗಳು ಒಮ್ಮತದಿಂದ ಹೇಳಿದ್ದಾರೆ, ಆದ್ದರಿಂದ ಅದರ ಮಟ್ಟ ಉನ್ನತವಾದದ್ದು. ಸುಗ್ರಾ ಬೇಗಂ ಅವರ ಪಾಠ ಅತಿ ಸುಲಭ, ಮನೆಮಾತಿನ ಮಟ್ಟದ್ದು, ಪದವಿಗೆ ಸಲ್ಲುವಂಥದ್ದಲ್ಲ. ಅವರನ್ನು ಕಾಯಂ ಮಾಡುವುದು ಸೂಕ್ತವಲ್ಲ.

ನಾನು ಎದ್ದು ನಿಂತು, ಈ ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂದು ಕೇಳಿದಿರಾ ಎಂದೆ. ಆ ಪ್ರಶ್ನೆ ನಮ್ಮಲ್ಲಿ ಇಲ್ಲ ಎಂದರು ಅಧ್ಯಕ್ಷರು.

“ಮೇಡಂ, ಇದರಲ್ಲಿ ನಾವು ಸೇರಿಸಿದ್ದು ಏನೂ ಇಲ್ಲ. ಎಲ್ಲ ನಿಮ್ಮ ಹುಡುಗರ ಬಾಯಿಂದಲೇ ಬಂದದ್ದು.”

ಗುಂಡೇರಾಯರು ಕಣ್ಣಿನ ಚಾಳೀಸು ತೆಗೆದು ಒರೆಸುತ್ತ ಕೂತರು. ಮೂವತ್ತು ವರ್ಷದ ಪಾಠ ಒಬ್ಬರಿಗೂ ತಿಳಿದಿಲ್ಲ ಎಂದು ತುಂಬಿದ ಸಭೆಯಲ್ಲಿ ಓದಿದರೆ, ಆ ಮನುಷ್ಯನ ಮುಖದಲ್ಲಿ ಹೆಮ್ಮೆ!

ಆಗ ಹಿಂದಿನ ಬೆಂಚಿನಿಂದ ತಾಯಣ್ಣ ಎದ್ದ.

“ಸರ್, ಅವತ್ತು ನಾವು ತಪ್ಪು ಹೇಳಿವ್ರಿ. ಮೇಡಂ ಪಾಠ ಬಾಳ ಕಠಿಣ ಅದರಿ. ನಮಗ ಏನೂ ತಿಳಿಯಂಗಿಲ್ಲ.”

ಅವನ ಪಕ್ಕದವನು ಎದ್ದು ಅದನ್ನೇ ಹೇಳಿದ. ಇನ್ನೊಬ್ಬಳು ಎದ್ದಳು. ಬೆಂಚಿಗೆ ಬೆಂಚೇ ಎದ್ದು, ತಿಳಿಯುವುದಿಲ್ಲ, ಏನೂ ತಿಳಿಯುವುದಿಲ್ಲ ಎಂದು ತಲೆ ತಗ್ಗಿಸಿ ನಿಂತವು. ಅಧ್ಯಕ್ಷರ ಮುಖ ಅರಳಿತು. ಹಾಗಿದ್ದರೆ ಮರುಪರಿಶೀಲನೆ ಮಾಡಬಹುದು ಎಂದು ಪೆನ್ನು ತೆಗೆದರು. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು ಕುಳಿತುಕೊಳ್ಳಮ್ಮ ಎಂದು ಕಣ್ಣಿನಲ್ಲೇ ಹೇಳಿದರು.

ಕೂತಿದ್ದರೆ ನೌಕರಿ ಉಳಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಡಿಗೆ ಮನೆ, ಅಮ್ಮ, ಎಲ್ಲ ಕಣ್ಣ ಮುಂದೆ ಬಂತು. ಅದಕ್ಕಿಂತ ಮುಂದೆ ಬಂದದ್ದು ಆ ತಗ್ಗಿಸಿದ ತಲೆಗಳು. ತಲೆ ಎತ್ತಿ ಮಾತಾಡಲು ನಾನೇ ಕಲಿಸಿದ ಮಕ್ಕಳು, ನನ್ನ ಹೊಟ್ಟೆಪಾಡಿಗಾಗಿ ದಡ್ಡರಾಗಿ ನಿಂತಿದ್ದವು. ಆ ಅಧ್ಯಕ್ಷರ ಮೇಲೆ, ಆ ಪೆನ್ನಿನ ಮೇಲೆ, ಕೂರಲು ಹಾತೊರೆಯುತ್ತಿದ್ದ ನನ್ನ ಮೊಣಕಾಲಿನ ಮೇಲೆ ನನಗೆ ಅಸಾಧ್ಯ ಸಿಟ್ಟು ಬಂತು.

“ತಾಯಣ್ಣ, ಸುಳ್ಳು ಹೇಳಬ್ಯಾಡ. ಸುಗ್ಗಿಯಾಗ ದರ ಯಾಕ ಬೀಳ್ತದ, ಅದನ್ನ ಹೇಳು.”

“ಹೇಳಿದ್ರ ನಿಮ್ಮ ನೌಕರಿ ಹೋಗ್ತದ್ರಿ.”

“ಹೋಗ್ಲಿ. ಹೇಳು.”

ಅವನು ಹೇಳಲಿಲ್ಲ. ಹೇಳಿದವಳು ಮಲ್ಲಟದ ಕರೆಮ್ಮ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಬೆಂಕಿ.

“ಸುಗ್ಗಿಯಾಗ ಕಾಲುವಿ ಊರಿನ ಭತ್ತ ಎಲ್ಲಾ ಒಮ್ಮೆಲೇ ಮಾನ್ವಿಗಿ ಬರ್ತದ್ರಿ. ಮಾಲು ಹೆಚ್ಚಾತು, ತಿನ್ನೋರು ಅಷ್ಟ ಮಂದಿ. ಅಗ್ಗ ಆತಂತ ಯಾರೂ ಎರಡು ಹೊಟ್ಟಿ ಉಣ್ಣಂಗಿಲ್ಲ. ಅದಕ್ಕ ಮಾಲು ಸ್ವಲ್ಪ ಹೆಚ್ಚಾದ್ರ ದರ ಬಾಳ ಬೀಳ್ತದ. ಅದೇ ಸೀರಿ ಆಗಿದ್ರ ಹಂಗಲ್ರಿ, ಅಗ್ಗ ಆದ್ರ ಒಂದರ ಜಾಗಾದಾಗ ಎರಡು ತಗೋತಾರ.”

ಗುಂಡೇರಾಯರು ವಾರಗಟ್ಟಲೆ ಬರೆಸುತ್ತಿದ್ದ ಅಧ್ಯಾಯ ಅದು. ಈಗಲಾದರೂ ಇವರಿಗೆ ತಿಳಿದೀತು ಎಂದು ನಾನು ಅಧ್ಯಕ್ಷರ ಮುಖ ನೋಡಿದೆ. ಅವರು ನಕ್ಕು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

“ನೋಡಿ ಮೇಡಂ, ನಾವು ಬರೆದದ್ದೂ ಇದನ್ನೇ. ಇಷ್ಟು ಸುಲಭವಾದರೆ ಇದಕ್ಕೆ ಕಾಲೇಜು ಯಾಕೆ?”

ಅಲ್ಲಿಗೆ ಮುಗಿಯಿತು. ಬೇಸಿಗೆ ರಜೆಯ ಮೊದಲ ವಾರ ಮನೆ ಖಾಲಿ ಮಾಡಿ, ಅಮ್ಮನನ್ನು ಕರೆದುಕೊಂಡು ಮಾನ್ವಿ ಬಸ್ಸು ಹತ್ತಿದೆ. ಅಮ್ಮ ಆವತ್ತು ನನ್ನ ಮೂಗಿನ ಮಾತೆತ್ತಲಿಲ್ಲ. ಅದೇ ಬಸ್ಸಿನಲ್ಲಿ ಕರೆಮ್ಮ ಊರಿಗೆ ಹೊರಟಿದ್ದಳು. ಮುಂದಿನ ವರ್ಷ ಸಮಿತಿಯವರು ಮತ್ತೆ ಬರುತ್ತಾರಂತೆ, ಏನು ಹೇಳಬೇಕು ಎಂದು ಕೇಳಿದಳು. ಅವಳ ಮುಖದಲ್ಲಿ ಮೊದಲಿನ ಧೈರ್ಯ ಇರಲಿಲ್ಲ. ನೌಕರಿ ಹೋದದ್ದಕ್ಕಿಂತ ಅದನ್ನು ನೋಡಿ ನನ್ನ ರಕ್ತ ಕುದಿಯಿತು.

“ತಿಳಿದಿದ್ರ ತಿಳಿದದ ಅನ್ನು. ತಿಳೀದಿದ್ರ ತಿಳಿದಿಲ್ಲ ಅನ್ನು,” ಎಂದೆ. “ಅವರು ಕೇಳಲಿಲ್ಲಂದ್ರೂ ಎದ್ದು ನಿಂತು ಹೇಳು.”