ರವೀಂದ್ರನ ಐದನೇ ಆಲ್ಬಂ

ಪಿಟೀಲಿಗೆ ಡ್ರಮ್ಸನ್ನೂ ಸ್ಯಾಕ್ಸೋಫೋನನ್ನೂ ಜೊತೆಮಾಡಿ ಜಾಝ್ ಫ್ಯೂಷನ್ ನುಡಿಸುವ ಹಾಸನದ ರವೀಂದ್ರನ ಹೆಸರಿನಲ್ಲಿ ನಾಲ್ಕು ಆಲ್ಬಂ ಬಂದಿದ್ದವು. ಐದನೆಯದರ ರೆಕಾರ್ಡಿಂಗ್ ಹೊತ್ತಿಗೆ ಎಡಗೈ ಕಿರುಬೆರಳು ಮರಗಟ್ಟತೊಡಗಿತ್ತು. ವೇಗವಾಗಿ ನುಡಿಸಬೇಕಾದ ಕಡೆಯ ಭಾಗ ಏನು ಮಾಡಿದರೂ ಕೈಗೆ ಬರಲಿಲ್ಲ. ಜೊತೆಗೆ ಸ್ಟುಡಿಯೋಗೆ ಬಂದಿದ್ದ ಶಿಷ್ಯೆ, ದುದ್ದ ಊರಿನ ದಿವ್ಯಾ, "ನಾನು ನುಡ್ಸ್ಲಾ ಸಾ?" ಎಂದಳು. ಅವನು ಬರೆದುಕೊಟ್ಟದ್ದನ್ನು ಬಿಟ್ಟು ತನಗೆ ತೋಚಿದಂತೆ ನುಡಿಸಿದಳು. ಕೇಳುತ್ತ ಅವನಿಗೆ ಮೈ ಜುಮ್ಮೆಂದಿತು.

ಆಲ್ಬಂ ಬಂದಾಗ ಆ ತುಣುಕು ಹಾಗೇ ಇತ್ತು, ಅವಳ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದವರೆಲ್ಲ ಅದನ್ನೇ ಮೆಚ್ಚಿಕೊಂಡರು. ಹೇಳಿದರಾಯ್ತು, ಹೇಳಿದರಾಯ್ತು ಎಂದು ರವೀಂದ್ರ ದಿನ ತಳ್ಳಿದ.

ಆಮೇಲೆ ಚನ್ನರಾಯಪಟ್ಟಣದಲ್ಲೊಂದು ಸ್ಪರ್ಧೆ. ತೀರ್ಪುಗಾರರಲ್ಲಿ ಅವನೂ ಒಬ್ಬ. ದಿವ್ಯಾ ಬಂದು ಅದೇ ತುಣುಕನ್ನು ಎತ್ತಿಕೊಂಡು ಬೆಳೆಸುತ್ತಾ ಹೋದಳು. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರ, ಸಂಗೀತದ ಮೇಷ್ಟ್ರು ಕೃಷ್ಣಪ್ಪ ಅವನತ್ತ ಬಾಗಿ, "ಇದು ನಿಮ್ ರೆಕಾರ್ಡಲ್ಲಿರೋದೇ ಅಲ್ವಾ? ಅಂಗಂಗೇ ಎತ್ತಾಕ್ಬುಟ್ಟವಳೆ" ಎಂದರು. ರವೀಂದ್ರ ಅಂಕದ ಹಾಳೆ ತಿರುವತೊಡಗಿದ. ಕೃಷ್ಣಪ್ಪ ಮೈಕ್ ಹಿಡಿದು, "ಗುರುಗಳದ್ದನ್ನ ಒಪ್ಪಿಸಿದ್ರೆ ಸಾಲ್ದು ಕಣಮ್ಮಾ, ಸ್ವಂತದ್ದು ಏನಾದ್ರೂ ಬೇಕು" ಅಂದೇಬಿಟ್ಟರು.

ದಿವ್ಯಾ ರವೀಂದ್ರನನ್ನೇ ನೋಡಿದಳು. ಅವನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ.

ಬಹುಮಾನ ಕೊಡುವ ಮುಂಚೆ ಅವಳ ಅಪ್ಪ ಸಿದ್ದೇಶ ಮಗಳನ್ನು ಕರೆದುಕೊಂಡು ಬಂದು ಕೈಮುಗಿದ. "ತಪ್ಪಾಯ್ತು ಸಾ. ನಿಮ್ಮುನ್ನ ಒಂದ್ ಮಾತೂ ಕೇಳ್ದೆ ನುಡ್ಸ್ಬುಟ್ಲು. ಹುಡುಗುಬುದ್ಧಿ, ಒಟ್ಟೆಗಾಕ್ಕಳಿ."

ಆ ಮುಗಿದ ಕೈ ಕಂಡು ರವೀಂದ್ರನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅದು ನಂದಲ್ಲ ಸಿದ್ದೇಶಣ್ಣ." ಅವನು ಸಿದ್ದೇಶನ ಕೈ ಹಿಡಿದು ಕೆಳಗಿಳಿಸಿದ. "ರೆಕಾರ್ಡಲ್ಲಿ ನುಡ್ಸಿರೋಳೂ ಇವಳೇ."

ಸಿದ್ದೇಶ ಮಗಳ ಕಡೆ ತಿರುಗಿದ. "ಅಂಗಾರೆ ನೀನ್ಯಾಕವ್ವ ಯೋಳ್ಲಿಲ್ಲ?"

"ಸಾ ಯೋಳ್ತಾರೆ ಅಂತ ಕಾಯ್ತಿದ್ದೆ" ಎಂದಳು ದಿವ್ಯಾ.

ರವೀಂದ್ರ ವೇದಿಕೆ ಹತ್ತಿ ಇದ್ದದ್ದನ್ನು ಇದ್ದಂತೆ ಹೇಳಿದ. ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಿಂದ ಯಾರೋ "ಥೂ" ಎಂದದ್ದು ಮೈಕಿಲ್ಲದೆಯೂ ಕೇಳಿಸಿತು. ಮೊದಲ ಬಹುಮಾನ ದಿವ್ಯಾಳಿಗೇ ಬಂತು, ಆಲ್ಬಮ್ಮಿನಲ್ಲೂ ಅವಳ ಹೆಸರು ಸೇರಿತು. ಆದರೆ ಆ ವಾರ ಅವಳು ಪಾಠಕ್ಕೆ ಬರಲಿಲ್ಲ, ಮುಂದಿನ ವಾರವೂ ಇಲ್ಲ. ಯಾವ ಮುಖ ಇಟ್ಟುಕೊಂಡು ಫೋನ್ ಮಾಡುವುದು ಎಂದು ರವೀಂದ್ರ ಸುಮ್ಮನಾದ.