ಎರಡು ಚಿಲಕದ ಬಾಗಿಲು

ಆ ಮನೆಯ ನಡುಮನೆಯಲ್ಲಿ ಎರಡು ಚಿಲಕದ ಬಾಗಿಲೊಂದಿತ್ತು. ಒಂದು ಚಿಲಕ ಈ ಕಡೆ, ಇನ್ನೊಂದು ಆ ಕಡೆ. ಎರಡನ್ನೂ ತೆಗೆದರೆ ಅದು ಬಾಗಿಲು. ಒಬ್ಬರು ಮುನಿಸಿಕೊಂಡರೂ ಸಾಕು, ಗೋಡೆ. ಈ ಕಡೆ ಅಕ್ಕ ಎಸ್ತೇರಮ್ಮ, ಆ ಕಡೆ ತಂಗಿ ರೂತಮ್ಮ. ತಾಯಿ ತೀರಿಕೊಂಡಂದಿನಿಂದ ಎರಡೂ ಚಿಲಕಗಳು ಬಿದ್ದೇ ಇದ್ದವು. ನಾನು ಮದುವೆಯಾಗಿ ಆ ಊರಿಗೆ ಹೋಗಿ ಎಸ್ತೇರಮ್ಮನ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಾಗ, ಆ ಬಾಗಿಲಿಗೆ ಒರಗಿಸಿ ಒಂದು ಅಕ್ಕಿಮೂಟೆ ಇಟ್ಟಿದ್ದರು.

ಎಸ್ತೇರಮ್ಮ ನರ್ಸ್ ಆಗಿದ್ದು ನಿವೃತ್ತರಾದವರು. ಕೈಗುಣ ಒಳ್ಳೆಯದು, ನಾಲಿಗೆ ಮಾತ್ರ ಖಾರ. ತಾಯಿಯ ಕೊನೆಗಾಲದ ಸೇವೆಯನ್ನೆಲ್ಲ ಅವರೊಬ್ಬರೇ ಮಾಡಿದರು, ಗೋಡೆಯಾಚೆಗಿದ್ದ ರೂತಮ್ಮ ತಾಯಿಯ ಪ್ರಾಣ ಹೋಗುವಾಗಲೂ ಬರಲಿಲ್ಲ ಎಂಬ ಮಾತು ಚರ್ಚಿನ ಸಭೆಯಲ್ಲೆಲ್ಲ ಹಬ್ಬಿತ್ತು. ರೂತಮ್ಮ ಪ್ರಾರ್ಥನೆಯ ಕೂಟಕ್ಕೆ ಬರುವುದನ್ನು ಬಿಟ್ಟರು, ಅಷ್ಟೇ.

ಹೆಂಗಸರ ಆ ಕೂಟ ಪ್ರತಿ ಶುಕ್ರವಾರ ಸಂಜೆ ಎಸ್ತೇರಮ್ಮನ ನಡುಮನೆಯಲ್ಲೇ ನಡೆಯುತ್ತಿತ್ತು. ಯಾರ ಕಷ್ಟಕ್ಕಾಗಿ ಪ್ರಾರ್ಥಿಸಬೇಕೆಂದು ಒಬ್ಬೊಬ್ಬರೂ ಹೇಳುವುದು ಅಲ್ಲಿನ ವಾಡಿಕೆ. ಆದರೆ ಹೆಸರು ಎತ್ತುವಂತಿಲ್ಲ. 'ಒಬ್ಬ ಸಹೋದರಿ' ಎನ್ನಬೇಕು. ಹೊಸಬಳಾದ ನನಗೆ ಇದರ ಒಳಗುಟ್ಟನ್ನು ಹೇಳಿಕೊಟ್ಟವರು ಕೂಟಕ್ಕೆಲ್ಲ ಹಿರಿಯರಾದ ಮಾರ್ತಮ್ಮ. ಒಬ್ಬ ಸಹೋದರಿ ಎಂದರೆ ಹೇಳುತ್ತಿರುವವಳೇ ಎಂದು ತಿಳಿದುಕೊಳ್ಳಬೇಕಂತೆ. ತಿಳಿದದ್ದನ್ನು ಬಾಯಿಬಿಡಬಾರದಂತೆ. ಮಾರನೆಯ ದಿನ ಏನಾದರೊಂದು ನೆಪ ಮಾಡಿಕೊಂಡು ಅವಳ ಮನೆಗೆ ಹೋಗಬೇಕಂತೆ. ನಾನೂ ಒಮ್ಮೆ ಧೈರ್ಯ ಮಾಡಿ, ಒಬ್ಬ ಸಹೋದರಿಗೆ ತವರಿನ ನೆನಪು ಬಹಳ ಕಾಡುತ್ತಿದೆ ಎಂದೆ. ಮರುದಿನ ಮಹಡಿ ಮೆಟ್ಟಿಲ ತುಂಬ ಚಪ್ಪಲಿಗಳು, ಅಡುಗೆಮನೆಯ ತುಂಬ ಉಪ್ಪಿನಕಾಯಿ!

ಎಸ್ತೇರಮ್ಮನ ಕೋರಿಕೆ ಮಾತ್ರ ವಾರ ವಾರವೂ ಒಂದೇ. ಒಬ್ಬ ಸಹೋದರಿಯ ಎದೆ ಕಲ್ಲಾಗಿದೆ, ಅದು ಕರಗಲಿ ಎಂದು ಕರ್ತನಲ್ಲಿ ಕೇಳೋಣ ಎನ್ನುತ್ತಿದ್ದರು. ಹೆಂಗಸರು ಕಣ್ಣೊರೆಸಿಕೊಂಡು ಪ್ರಾರ್ಥಿಸುತ್ತಿದ್ದರು. ಮಾರನೆಯ ದಿನ ಒಬ್ಬರು ಹುರಿಗಾಳು ತರುತ್ತಿದ್ದರು, ಇನ್ನೊಬ್ಬರು ಸುಮ್ಮನೆ ಕೈ ಹಿಡಿದು ಕೂತು ಹೋಗುತ್ತಿದ್ದರು. ಜನಕ್ಕೆ ತನ್ನ ಮೇಲೆ ಎಷ್ಟು ಪ್ರೀತಿ ನೋಡು ಎಂದು ಎಸ್ತೇರಮ್ಮ ನನ್ನೆದುರು ಬೀಗುತ್ತಿದ್ದರು.

ಒಂದು ಮಧ್ಯಾಹ್ನ ಮಾರ್ತಮ್ಮ ನುಗ್ಗೆಸೊಪ್ಪು ಹಿಡಿದುಕೊಂಡು ಬಂದರು. ಸೊಪ್ಪು ಬಿಡಿಸುತ್ತಾ ಎಸ್ತೇರಮ್ಮ ತಮ್ಮ ಬೇಸರವನ್ನು ತೋಡಿಕೊಂಡರು. ಇಷ್ಟು ಕಾಲ ಇಷ್ಟು ಜನ ಪ್ರಾರ್ಥಿಸಿದರೂ ರೂತಮ್ಮನ ಎದೆ ಒಂದಿಷ್ಟೂ ಕರಗಲಿಲ್ಲವಲ್ಲ ಎಂದರು. ಮಾರ್ತಮ್ಮನ ಕೈ ಅಲ್ಲೇ ನಿಂತಿತು.

"ರೂತಮ್ಮಂದಾ? ನಾವೆಲ್ಲ ಕೇಳ್ಕೊಂಡಿದ್ದು ನಿನ್ನ ಎದೆ ಕರಗ್ಲಿ ಅಂತ ಕಣೇ."

ಎಸ್ತೇರಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದರು. ಮಾರ್ತಮ್ಮ ಕಾದು ಕಾದು ಎದ್ದು ಹೊರಟರು. ಆ ಸಂಜೆ ನಾನು ಮೆಟ್ಟಿಲಿಳಿಯುವಾಗ ಎಸ್ತೇರಮ್ಮನ ಪ್ರಾರ್ಥನೆ ಕಿವಿಗೆ ಬಿತ್ತು. ಅದು ಪ್ರಾರ್ಥನೆಯಲ್ಲ, ಮಾರ್ತಮ್ಮನ ಮೇಲೆ ದೇವರಿಗೆ ಕೊಟ್ಟ ದೂರು. ದೂರು ಜೋರಾಗಿಯೇ ಸಾಗಿತ್ತು, ನಡುವೆ ಎಲ್ಲೋ ತಟ್ಟನೆ ನಿಂತಿತು.

ಶುಕ್ರವಾರದ ಕೂಟ ನಡೆಯುವುದೇ ಇಲ್ಲವೆಂದು ನಾನು ಅಂದುಕೊಂಡಿದ್ದೆ. ಆದರೆ ಚಾಪೆ ಎಂದಿನಂತೆ ಹಾಸಿತ್ತು. ತಮ್ಮ ಸರದಿ ಬಂದಾಗ ಎಸ್ತೇರಮ್ಮ ರೂಢಿಯಂತೆ 'ಒಬ್ಬ ಸಹೋದರಿ' ಎಂದು ಶುರುಮಾಡಿ, ತಡೆದರು.

"ಒಬ್ಬ ಸಹೋದರಿ ಅಲ್ಲ, ನಾನು. ಅಮ್ಮ ಹೋದ ದಿನ ರೂತು ಈ ಬಾಗಿಲು ತಟ್ಟಿದ್ಲು. ಅಮ್ಮ ಮಲಗಿದಾರೆ, ಆಮೇಲೆ ಬಾ ಅಂದೆ. ಅಷ್ಟು ಸೇವೆ ಮಾಡಿದ್ದೀನಿ, ಅಮ್ಮನ ಕೊನೇ ಮಾತು ನನಗೊಬ್ಳಿಗೇ ಸಿಗ್ಲಿ ಅಂತ ಆಸೆ ಇತ್ತು. ಚಿಲಕ ಹಾಕಿದ್ದು ನಾನು. ಅವಳು ಬರ್ಲಿಲ್ಲ ಅಂತ ಊರಿಗೆಲ್ಲ ಹೇಳಿದ್ದೂ ನಾನೇ."

ಇಷ್ಟನ್ನು ನಾವ್ಯಾರೂ ಊಹಿಸಿರಲಿಲ್ಲ. ಮಾರ್ತಮ್ಮ ಎದ್ದು ಅಕ್ಕಿಮೂಟೆಯ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದೆ. ಎಸ್ತೇರಮ್ಮ ಚಿಲಕ ಎಳೆದು ಬಾಗಿಲು ತಳ್ಳಿದರು. ಅದು ಕದಲಲಿಲ್ಲ. ಆ ಕಡೆಯ ಚಿಲಕ ಬಿದ್ದಿತ್ತಲ್ಲ.

ಆಗ ಅವರು ಬೀದಿ ಸುತ್ತಿ ತಂಗಿಯ ಮುಂಬಾಗಿಲಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡು ಕ್ಷಮೆ ಕೇಳಿದರು. ರೂತಮ್ಮ ಹೊಸ್ತಿಲಲ್ಲೇ ನಿಂತು ಕೇಳಿ, ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಅಂದು ಬಾಗಿಲು ಹಾಕಿಕೊಂಡರಂತೆ. ಭಾನುವಾರ ಆರಾಧನೆ ಮುಗಿದ ಮೇಲೆ ಎಸ್ತೇರಮ್ಮ ಇಡೀ ಸಭೆಯ ಮುಂದೆ ಎದ್ದು ನಿಂತು, ತಂಗಿಯ ಮೇಲೆ ತಾವು ಹೊರಿಸಿದ್ದು ಸುಳ್ಳೆಂದು ಹೇಳಿದರು. ಅಂಥ ಹೆಂಗಸನ್ನು ನಾನು ಮತ್ತೆ ನೋಡಿಲ್ಲ.

ಆದರೂ ಬಾಗಿಲು ತೆರೆಯಲಿಲ್ಲ. ತಿಂಗಳುಗಳು ಉರುಳಿದವು. ಒಂದೊಂದು ದಿನ ಎಸ್ತೇರಮ್ಮನ ತಾಳ್ಮೆ ಕೆಟ್ಟು, ಚಿಲಕವನ್ನು ಮತ್ತೆ ಹಾಕಿಬಿಡಲು ಕೈ ಹೋಗುತ್ತಿತ್ತು. ಒಮ್ಮೆ ಮಾರ್ತಮ್ಮ ಆ ಕೈಯನ್ನು ಹಿಡಿದುಕೊಂಡರು.

"ಈ ಕಡೇದು ತೆಗೆದಿಡೋದು ನಿನ್ನ ಕೆಲ್ಸ. ಆ ಕಡೇದು ಕರ್ತನಿಗೆ ಬಿಡು. ನಾವೂ ಕಾಯ್ತೀವಿ ನಿನ್ ಜೊತೆ."

ಕಾದೆವು. ಕೂಟದಲ್ಲಿ ಆ ಬಾಗಿಲಿನ ಮುಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಉಳಿದವರು ಒತ್ತಿಕೊಂಡು ಕೂರುತ್ತಿದ್ದೆವು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ.

ಮಾರ್ತಮ್ಮನ ಪ್ರಾರ್ಥನೆ ಎಂದರೆ ಕಾಲು ಜೋಮು ಹಿಡಿಯುವಷ್ಟು ಉದ್ದ. ಊರಿನ ರೋಗಿಗಳಲ್ಲಿ ಒಬ್ಬರನ್ನೂ ಅವರು ಬಿಡುವವರಲ್ಲ. ಆ ಶುಕ್ರವಾರವೂ ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದೆವು, ಅವರು ರೋಗಿಗಳ ಬೀದಿಯಲ್ಲಿ ಇನ್ನೂ ಅರ್ಧ ದಾರಿಯಲ್ಲಿದ್ದರು. ಆಗ ಬಾಗಿಲಿನ ಆಚೆಯಿಂದ ತುಕ್ಕು ಹಿಡಿದ ಕಬ್ಬಿಣ ಕಿರುಗುಟ್ಟಿತು. ಚಿಲಕ ಒಂದೇ ಎಳೆತಕ್ಕೆ ಬರಲಿಲ್ಲ. ತಡೆದು ತಡೆದು ಜರುಗಿತು. ಆಮೆನ್ ಎನ್ನುವ ಮುಂಚೆ ಕಣ್ಣು ತೆರೆಯುವಂತಿಲ್ಲ. ಮಾರ್ತಮ್ಮ ರೋಗಿಗಳನ್ನು ಅಲ್ಲಲ್ಲೇ ಬಿಟ್ಟು "ಆಮೆನ್" ಎಂದುಬಿಟ್ಟರು.

ತೆರೆದ ಬಾಗಿಲಲ್ಲಿ ರೂತಮ್ಮ ನಿಂತಿದ್ದರು, ಅಂಗೈಯ ತುಂಬ ತುಕ್ಕು. ಎಸ್ತೇರಮ್ಮ ಕೂತಲ್ಲಿಂದಲೇ "ಬಾ ರೂತು" ಎಂದರು. ರೂತಮ್ಮ ಬಂದು ಆ ಖಾಲಿ ಜಾಗದಲ್ಲಿ ಕೂತರು.

ಪ್ರಾರ್ಥನೆ ಅರ್ಧಕ್ಕೆ ನಿಂತಿದೆಯೆಂದು ಮಾರ್ತಮ್ಮ ಮತ್ತೆ ಮೊದಲಿನಿಂದ ಶುರುಮಾಡಿದರು. ಆ ಕಡೆಯ ಅಂಗಳದಿಂದ ಗಾಳಿ ಬಂದು, ಕದ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ವಾಡಿಕೆ ಮುರಿದು ನಾನು ಕಣ್ಣು ತೆರೆದೆ. ಎಸ್ತೇರಮ್ಮ ಕಣ್ಣು ಮುಚ್ಚಿಕೊಂಡೇ ತಂಗಿಯ ಹಿಂದಿನಿಂದ ಕೈ ಚಾಚಿ, ಆ ಕದವನ್ನು ಮುಚ್ಚದಂತೆ ಹಿಡಿದುಕೊಂಡಿದ್ದರು.