ಆಲಿಕೆಯ ನೇರ ಮೇಲೆ

ಮಾವನ ಬೂದಿಯಿದ್ದ ಡಬ್ಬಿಯನ್ನು ಅತ್ತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಾರನೆಯ ಬೆಳಿಗ್ಗೆ ನಮ್ಮ ಸಂಶೋಧನಾ ಹಡಗು ಹೊರಡುವುದಿತ್ತು. ಡಬ್ಬಿ ಕೊಡಿ ಎಂದು ಕೇಳಲು ಬಂದವಳು ನಾನು. ಸುತರಾಂ ಕೊಡುವುದಿಲ್ಲ ಎಂದು ಬಾಗಿಲು ತೆಗೆಯುವ ಮೊದಲೇ ತೀರ್ಮಾನಿಸಿದ್ದವರು ಅವರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಆ ಮಧ್ಯಾಹ್ನ ತುಟಿ ಪಿಟಕ್ಕೆನ್ನದೆ ಎದುರಿಗೆ ಕೂತೆ.

ನನಗೆ ಈ ಸಮುದ್ರದ ಹುಚ್ಚು ಹಿಡಿಸಿದ್ದೇ ಮಾವ, ನಮ್ಮಮ್ಮನ ಅಣ್ಣ. ಸಮುದ್ರದ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿವೆ. ಗಾಳಿಯಿಂದ ನೀರಿಗಿಳಿದ ಇಂಗಾಲವನ್ನು ಉಂಡು ಬೆಳೆಯುತ್ತವೆ, ಸಾಯುತ್ತವೆ, ತಮ್ಮನ್ನು ತಿಂದ ಜೀವಿಗಳ ಹಿಕ್ಕೆಗೆ ಅಂಟಿಕೊಂಡು ಚೂರುಚೂರಾಗಿ ಇಳಿಯುತ್ತವೆ. ಬೆಳಕು ನೀಲಿಯಾಗುತ್ತದೆ, ನೀಲಿ ಕಪ್ಪಾಗುತ್ತದೆ, ಆ ಕಪ್ಪಿನಲ್ಲೂ ಇಳಿಯುತ್ತಲೇ ಇರುತ್ತವೆ. ಅಲ್ಲಿ ಯಾರಿಗೂ ಅವಸರವಿಲ್ಲ. ಆಳ ಸೇರಿದ ಇಂಗಾಲ ನೂರಾರು ವರ್ಷ ಮೇಲೆ ಬರುವುದಿಲ್ಲ. ಎಷ್ಟು ಇಳಿಯಿತೆಂದು ಅಳೆಯಲು ನೀರಿನ ಆಳದಲ್ಲಿ ದೊಡ್ಡದೊಂದು ಆಲಿಕೆ ಕಟ್ಟಿರುತ್ತೇವೆ, ಅದರ ಕೆಳಗೆ ಬಾಟಲಿಗಳು. ಪಿಎಚ್‌ಡಿ ಮುಗಿಸಿ ನಾನೀಗ ಮಾಡುತ್ತಿರುವ ಸಂಶೋಧನೆಯೆಲ್ಲ ಮಾವ ಇಳಿಬಿಟ್ಟ ಆಲಿಕೆಯದೇ. ಕಣ್ಣು ಮುಚ್ಚಿದರೆ ಸಾಕು, ರೆಪ್ಪೆಯ ಒಳಗೂ ಚೂರುಗಳು ಮೆಲ್ಲಗೆ ಇಳಿಯತೊಡಗುತ್ತವೆ. ಮೀಟಿಂಗುಗಳಲ್ಲಿ ಹೀಗೆ ಎಷ್ಟೋ ಸಲ ಸಿಕ್ಕಿಬಿದ್ದಿದ್ದೇನೆ.

ಆಸ್ಪತ್ರೆಯಲ್ಲಿ ಮಾವ ಕೊನೆಗೆ ಕೇಳಿಕೊಂಡದ್ದು ಒಂದೇ: ತನ್ನ ಬೂದಿಯನ್ನು ಆಲಿಕೆಯ ನೇರ ಮೇಲೆ ಸುರಿಯಬೇಕು. ನಾನು ಆಗಲಿ ಎಂದು ತಲೆಯಾಡಿಸಿದೆ. ಅತ್ತೆ ಎದ್ದು ಹೊರಗೆ ಹೋದರು.

ಅಂದು ಅತ್ತೆ ನುಂಗಿಕೊಂಡದ್ದೆಲ್ಲ ಈಗ ಹೊರಬಿತ್ತು. ಈ ಮನುಷ್ಯ ಮಗಳು ಹುಟ್ಟಿದಾಗ ಹಡಗಿನಲ್ಲಿ, ಮನೆಯಲ್ಲಿ ಹೆಂಡತಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗಲೂ ಹಡಗಿನಲ್ಲಿ. ಮನೆಗೆ ಬಂದರೂ ಊಟದ ತಟ್ಟೆಯ ಮುಂದೆ ಆಲಿಕೆಯದೇ ಜಪ. ಬದುಕಿರುವಾಗ ಅದಕ್ಕೆ ಕೊಟ್ಟದ್ದು ಸಾಲದೇ? ಸತ್ತ ಮೇಲೂ ಅದರ ಬಾಟಲಿಗೇ ಹೋಗಿ ಬೀಳಬೇಕೇ? ಇಷ್ಟು ವರ್ಷ ಕಾದ ತನ್ನ ಹತ್ತಿರ ಒಂದು ಹೂಕುಂಡದ ಮಣ್ಣಿನಲ್ಲಾದರೂ ಇರಬಾರದೇ? ಹೀಗೆ ಕೇಳುತ್ತ ಕೇಳುತ್ತ ಅತ್ತೆ ಡಬ್ಬಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಆಗ ನನಗೆ ಹೊಳೆಯಿತು. ಅಯ್ಯೋ, ಇವರು ತಿಳಿದುಕೊಂಡಿರುವುದು ಪೂರಾ ಉಲ್ಟಾ. ಬಾಟಲಿಯಲ್ಲಿ ಒಂದು ಕೂದಲು ಸಿಕ್ಕರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ ಮಾವ ತನ್ನ ಬೂದಿಯನ್ನು ಅದರೊಳಗೆ ಬೀಳಲು ಬಿಡುತ್ತಾರೆಯೇ?

ಅತ್ತೆ ಬಾಯಿಮಾತನ್ನು ನಂಬುವವರಲ್ಲ. ಅಡುಗೆಮನೆಗೆ ಕರೆದುಕೊಂಡು ಹೋದೆ. ಬಟ್ಟೆ ನೆನೆಸುವ ಟಬ್ಬಿಗೆ ನೀರು ತುಂಬಿ, ತಳದಲ್ಲಿ ಒಂದು ಪುಟ್ಟ ಬಟ್ಟಲಿಟ್ಟು, ಕೈಯಿಂದ ನೀರನ್ನು ಒಂದೇ ಕಡೆಗೆ ಮೆಲ್ಲಗೆ ತಿರುಗಿಸಿದೆ. ಕಿಟಕಿಯ ಹೂಕುಂಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ಬಟ್ಟಲಿನ ನೇರ ಮೇಲೆ ಬಿಡಿ ಎಂದೆ. ಅತ್ತೆ ಬಿಟ್ಟರು. ಮಣ್ಣು ಹೊಗೆಯಂತೆ ಬಿಚ್ಚಿಕೊಂಡು, ಅತ್ತ ವಾಲಿ, ಬಟ್ಟಲಿನ ಪಕ್ಕದಿಂದ ತೇಲಿಕೊಂಡು ದೂರ ಹೋಯಿತು. ಅತ್ತೆ ಹಟ ಹಿಡಿದವರಂತೆ ಮತ್ತೆ ಬಿಟ್ಟರು, ಮತ್ತೆ ಬಿಟ್ಟರು. ಬಿಸಿಲು ಟಬ್ಬಿನ ತಳದವರೆಗೂ ಇಳಿದಿತ್ತು, ಮಣ್ಣಿನ ಕಣಗಳು ಅದರಲ್ಲಿ ಹೊಳೆಯುತ್ತ ಸುತ್ತುತ್ತಿದ್ದವು. ಇಬ್ಬರೂ ಎಷ್ಟು ಹೊತ್ತು ನೋಡುತ್ತ ನಿಂತಿದ್ದೆವೋ ಗೊತ್ತಿಲ್ಲ, ನಲ್ಲಿ ನಿಲ್ಲಿಸಿದ್ದು ಕೂಡ ನೆನಪಿಲ್ಲ.

"ಆಲಿಕೆಗೆ ಬೀಳೋದೆಲ್ಲ ಎಲ್ಲೋ ದೂರದಿಂದ ಬಂದಿದ್ದು, ಅತ್ತೆ," ಎಂದೆ. "ನೇರ ಮೇಲಿಂದ ಸುರಿದಿದ್ದು ಪ್ರವಾಹಕ್ಕೆ ಸಿಕ್ಕಿ ಆಚೆ ಹೋಗಿಬಿಡುತ್ತೆ. ಅದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಮಾವ ಕೇಳಿದ್ದು ಆಲಿಕೆಯಿಂದ ರಜಾ."

ಅತ್ತೆ ಒದ್ದೆ ಕೈಯನ್ನು ಒರೆಸಿಕೊಳ್ಳಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತರು.

"ಇದನ್ನ ನಂಗೂ ಹೇಳಿದಾರೆ ಕಣೇ. ಊಟಕ್ಕೆ ಕೂತಾಗೆಲ್ಲ ಇದನ್ನೇ ಹೇಳ್ತಿದ್ರು. ನಾನು ಹ್ಞೂಂ ಹ್ಞೂಂ ಅಂತ ಬಡಿಸ್ತಿದ್ದೆ. ಒಂದಿನಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ."

ಗೆದ್ದೆ ಎಂದುಕೊಂಡಿದ್ದವಳು ಅವರ ಪಕ್ಕ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ದಿನ ಡಬ್ಬಿಯ ಮಾತನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಬಂದರಿನಲ್ಲಿ ಮಂಜು ಕವಿದಿತ್ತು. ಸಮುದ್ರವೆಂದರೆ ಮುಖ ತಿರುಗಿಸುತ್ತಿದ್ದ ಅತ್ತೆ ಆ ಮಂಜಿನೊಳಗಿಂದ ಒಬ್ಬರೇ ನಡೆದು ಬಂದರು. ಡಬ್ಬಿಯನ್ನು ನನ್ನ ಕೈಗಿತ್ತು, ಬಿಡದೆ ಹಾಗೇ ಹಿಡಿದುಕೊಂಡು ನಿಂತರು. ಈಗ ಸುರಿದರೆ ಅವರು ಎಲ್ಲಿಗೆ ಹೋಗಿ ಸೇರುತ್ತಾರೆ ಎಂದು ಕೇಳಿದರು. ಹುಡುಕಿದರೆ ಸಿಗುವಂಥ ಜಾಗವಲ್ಲ, ಎಷ್ಟೋ ಮೈಲಿ ಹರಡಿಹೋಗುತ್ತಾರೆ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಸರಿ. ಹಾಗಾದ್ರೆ ನಂದನ್ನ ಎಲ್ಲಿ ಸುರಿದ್ರೆ ಅವರ ಹತ್ರ ಹೋಗುತ್ತೆ, ಅದನ್ನ ಲೆಕ್ಕ ಹಾಕಿಡು," ಎಂದು ಅತ್ತೆ ಡಬ್ಬಿ ಬಿಟ್ಟರು.

ಹ್ಞೂಂ ಎಂದೆ. ಅಂಥ ಲೆಕ್ಕ ಯಾರೂ ಮಾಡಿಲ್ಲ. ಇವತ್ತಿನ ನೀರು ನಾಳೆ ಅಲ್ಲಿರುವುದಿಲ್ಲ. ಆಲಿಕೆಯಿದ್ದ ಜಾಗ ತಲುಪಿದ ದಿನ ಅದರ ನೇರ ಮೇಲೆ ನಿಂತು ಮಾವನನ್ನು ಸುರಿದೆ. ಬೂದಿ ಸ್ವಲ್ಪ ಹೊತ್ತು ಬೆಳ್ಳಗೆ ಕಂಡು, ಅಲೆಯೊಂದಿಗೆ ವಾಲಿಕೊಂಡು ಹೋಯಿತು. ಆಮೇಲೆ ಕ್ಯಾಬಿನ್ನಿಗೆ ಹೋಗಿ, ಬಾಗಿಲು ಹಾಕಿಕೊಂಡು, ಅತ್ತೆಯ ಲೆಕ್ಕಕ್ಕೆ ಕೂತೆ.